ವಿಶೇಷ ಮಕ್ಕಳ ಸುರಕ್ಷತೆ – ನಮ್ಮ ಸಂಘದ ಪಾಲು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪರವಾಗಿ ಮಾಡಿದ ಭಾಷಣದ ಪಾಠ)



ಹಾಲಿನ ಸಂಘದ ಸಭೆ ಎಂದರೆ ಕೊಬ್ಬಿನಂಶ, ಲೀಟರಿನ ದರ, ಪಶು ಆಹಾರ, ಬೋನಸ್ಸು ಇವುಗಳ ಮಾತು ಬರುವುದು ವಾಡಿಕೆ. ಇವರೇನಪ್ಪಾ ಅಂಗವಿಕಲ ಮಕ್ಕಳ ವಿಚಾರ ತಂದ್ರು ಅಂತ ಕೆಲವರಿಗೆ ಅನ್ನಿಸಬಹುದು. ನಾವು ಪಂಚಾಯಿತಿ ಮಟ್ಟದಲ್ಲಿ ಮನೆ ಮನೆಗೆ ಹೋಗಿ ವಿಶೇಷ ಮಕ್ಕಳನ್ನು ನೋಡಿಕೊಂಡು ಬರುವವರು. ನಮ್ಮಲ್ಲೇ ಬಹಳ ಜನ ಅಂಗವಿಕಲರು. ಒಂದು ಸಂಗತಿಯನ್ನು ನಾವು ಹಳ್ಳಿಯಿಂದ ಹಳ್ಳಿಗೆ ನೋಡುತ್ತಾ ಬಂದಿದ್ದೇವೆ. ಇಂಥ ಮಕ್ಕಳಿಗೆ ಅಪಾಯ ಹೆಚ್ಚಾಗಿ ಬರುವ ಹೊತ್ತು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಅಂದರೆ ಹಾಲು ಕರೆಯುವ ಹೊತ್ತು, ಡೈರಿಗೆ ಹೋಗಿ ಬರುವ ಹೊತ್ತು. ಆಗ ತಾಯಿ ಕೊಟ್ಟಿಗೆಯಲ್ಲಿರುತ್ತಾಳೆ ಇಲ್ಲವೇ ಇಲ್ಲಿ ಸಾಲಿನಲ್ಲಿರುತ್ತಾಳೆ. ತಂದೆ ಹೊಲಕ್ಕೆ ಹೋಗಿರುತ್ತಾನೆ. ಮನೆಯಲ್ಲಿ ಮಗು ಒಂದೇ. ಆದ್ದರಿಂದ ಈ ಮಾತನ್ನು ಆಡುವುದಕ್ಕೆ ಇದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ ಎಂದು ನಮ್ಮ ನಂಬಿಕೆ.

ಸಹಕಾರ ಅನ್ನೋದು ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಒಬ್ಬನ ಕೈಲಿ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎನ್ನುವುದೇ ಅದರ ತಿರುಳು. ಸಾಲದ ವಿಚಾರದಲ್ಲಿ ಅದು ನಿಜವಾಯಿತು, ಹಾಲಿನ ವಿಚಾರದಲ್ಲಿ ನಿಜವಾಯಿತು. ಒಬ್ಬ ತಾಯಿಯ ಕೈಲಿ ಕಾಯೋಕಾಗದ ಮಗುವನ್ನು ಹತ್ತು ಮನೆ ಸೇರಿ ಕಾಯಬಹುದು ಎನ್ನುವುದೂ ಅದೇ ಲೆಕ್ಕ.

ಈಗ ಕಷ್ಟದ ಮಾತಿಗೆ ಬರುತ್ತೇವೆ. ಹಲವು ಮನೆಗಳಲ್ಲಿ ಮಗುವನ್ನು ಕಂಬಕ್ಕೋ ಮಂಚದ ಕಾಲಿಗೋ ಸೀರೆಯ ಸೆರಗಿನಿಂದ, ಹಗ್ಗದಿಂದ ಕಟ್ಟಿ ಹೋಗುತ್ತಾರೆ. ಕೆಲವರು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾರೆ. ಇದನ್ನು ನೋಡಿದ ಪೇಟೆಯವರು ತಾಯಿಗೆ ಕರುಣೆಯಿಲ್ಲ ಅಂತಾರೆ. ಆದರೆ ಒಬ್ಬ ತಾಯಿ ನಮಗೆ ಹೇಳಿದ ಮಾತು ಕೇಳಿ: "ಕಟ್ಟದೆ ಏನ್ಮಾಡ್ಲಿ ಅಣ್ಣ? ಡೈರಿಗೆ ಹೋಗಿ ಬರೋ ಅಷ್ಟರಲ್ಲಿ ಕೆರೆ ಕಡೆ ಹೊಂಟೋಗಿರ್ತಾನೆ. ಹಾಲು ಹಾಕ್ದೆ ಇದ್ರೆ ಹೊಟ್ಟೆಗೆ ಏನು?" ಇದಕ್ಕೆ ಉತ್ತರ ಕೊಡದೆ ಕಟ್ಟಬೇಡಿ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಆ ತಾಯಿ ಕಟ್ಟೋದು ಪ್ರೀತಿಯಿಂದಲೇ, ಭಯದಿಂದಲೇ. ಅವಳಿಗೆ ಬೇರೆ ದಾರಿಯನ್ನು ಊರು ತೋರಿಸಿಲ್ಲ.

ಆದರೂ ಕಟ್ಟುವುದರಿಂದ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಕಟ್ಟಿದ ಮಗು ಉರುಳಾಡಿದಾಗ ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಮೂರ್ಛೆ ಬಂದರೆ ಮಗ್ಗುಲಿಗೆ ತಿರುಗಲು ಆಗುವುದಿಲ್ಲ. ಹಾವು ಬಂದರೆ, ಬೆಂಕಿ ಬಿದ್ದರೆ ಓಡಲು ಆಗುವುದಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಏನಾಯಿತು ಎಂಬುದು ಹಿರಿಯರಿಗೆ ನೆನಪಿರಬಹುದು. ಮಾನಸಿಕ ಅಸ್ವಸ್ಥರನ್ನು ಇಟ್ಟುಕೊಂಡಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ತಪ್ಪಿಸಿಕೊಳ್ಳಲಾಗದೆ 28 ಜನ ಸುಟ್ಟು ಸತ್ತರು. ಅವರನ್ನು ಕಟ್ಟಿದವರೂ ಓಡಿಹೋಗದಿರಲಿ ಎಂದೇ ಕಟ್ಟಿದ್ದು. ಸುಪ್ರೀಂ ಕೋರ್ಟು ಆ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಮಾನಸಿಕ ಅಸ್ವಸ್ಥರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಂಧಿಸಕೂಡದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅವರು ದೊಡ್ಡವರು, ನಮ್ಮ ಮನೆಗಳಲ್ಲಿರೋದು ಮಕ್ಕಳು. ಆದರೆ ಬೆಂಕಿಗೆ ಆ ವ್ಯತ್ಯಾಸ ತಿಳಿಯದು.

ಹಾಗಾದರೆ ಮಾಡುವುದೇನು? ಮಗುವನ್ನು ಬಿಟ್ಟು ಅಪಾಯವನ್ನು ಕಟ್ಟಿಹಾಕಬೇಕು. ಅದಕ್ಕೆ ಮೊದಲು ಯಾವ ಮಗುವಿಗೆ ಯಾವುದು ಅಪಾಯ ಎಂದು ತಿಳಿದಿರಬೇಕು. ಎಲ್ಲ ವಿಶೇಷ ಮಕ್ಕಳೂ ಒಂದೇ ಅಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಬಗೆ ಇದೆ. ಕಿವಿ ಕೇಳದ ಮಗುವಿಗೆ ಹಿಂದಕ್ಕೆ ಬರುವ ಟ್ರ್ಯಾಕ್ಟರೇ ಯಮ. ಹಾರನ್ ಹೊಡೆದಿದ್ದೇನೆ, ಪಕ್ಕಕ್ಕೆ ಸರೀತದೆ ಅಂತ ಓಡಿಸುವವನು ತಿಳಿದಿರುತ್ತಾನೆ. ಕಣ್ಣು ಮಂಜಾದ ಮಗುವಿಗೆ ಜಗಲಿಯ ಅಂಚು, ಮುಚ್ಚಳ ತೆಗೆದ ಸಂಪು ಅಪಾಯ. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇರುವ ಮಗುವಿಗೆ ಕಾಲಲ್ಲಿ ಸ್ಪರ್ಶವೇ ಇರುವುದಿಲ್ಲ. ಹಂಡೆಯ ನೀರು ಕಾಲಿಗೆ ಬಿದ್ದರೂ, ಬೈಕಿನ ಸೈಲೆನ್ಸರ್ ತಗುಲಿದರೂ ಅದು ಅಳುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು. ಆಟಿಸಂ ಇರುವ ಮಗು ಕಣ್ಣು ತಪ್ಪಿಸಿ ಹೊರಟುಬಿಡುತ್ತದೆ, ಅದಕ್ಕೆ ನೀರೆಂದರೆ ಸೆಳೆತ. ಬೌದ್ಧಿಕ ಬೆಳವಣಿಗೆ ಕಡಿಮೆಯಿರುವ ಕೆಲವು ಮಕ್ಕಳು ದೊಡ್ಡವರಾದರೂ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಗುವಿನ ವಯಸ್ಸು ಹತ್ತಾಗಿರಬಹುದು, ಆದರೆ ಅಪಾಯ ತಿಳಿಯುವ ಬುದ್ಧಿ ಮೂರು ವರ್ಷದ್ದಿರಬಹುದು. ಕೈಕಾಲಿನ ಬಲ ಮಾತ್ರ ಹತ್ತು ವರ್ಷದ್ದೇ. ಎಟುಕದಂತೆ ಇಟ್ಟಿದ್ದೇವೆ ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ.

ಮೊದಲು ನೀರಿನ ಮಾತು. 2014ರಿಂದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಕೃಷಿ ಹೊಂಡಗಳು ಬಹಳ ಆದವು. ಬೆಳೆಗೆ ಅದರಿಂದ ಅನುಕೂಲವಾಗಿದೆ, ಇಲ್ಲ ಅನ್ನೋಲ್ಲ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದರೆ ಎಣ್ಣೆ ಸವರಿದ ಹಾಗೆ. ಈಜು ಬಲ್ಲ ದೊಡ್ಡವರೇ ಬಿದ್ದರೆ ಹತ್ತಿ ಬರಲಾರರು. ಹೊಂಡದ ಸುತ್ತ ಐದಡಿ ಎತ್ತರದ ತಂತಿ ಬಲೆ, ಬೀಗವಿರುವ ಗೇಟು ಇರಲೇಬೇಕು. ಅದರ ಜೊತೆಗೆ ನಾಲ್ಕೂ ಬದಿಯಲ್ಲಿ ದಪ್ಪ ಹಗ್ಗಕ್ಕೆ ಗಂಟು ಹಾಕಿ, ಮೇಲೆ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬು ಒಂದೆರಡು ನೀರಿನ ಮೇಲೆ ತೇಲಲಿ. ಇದಕ್ಕೆ ದೊಡ್ಡ ಖರ್ಚಿಲ್ಲ.

ಕೊಳವೆ ಬಾವಿಯ ವಿಚಾರದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟ ನಿರ್ದೇಶನ ಕೊಟ್ಟಿದೆ. ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಬೋಲ್ಟು ಹಾಕಿ ಮುಚ್ಚಳ ಬಿಗಿಯಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎಳೆ ಮಗುವೊಂದು ತೆರೆದ ಬಾವಿಯೊಳಗೆ ಬಿತ್ತು. ಸುಮಾರು 20 ಗಂಟೆ ಹೆಣಗಾಡಿ ರಕ್ಷಣಾ ಪಡೆಯವರು ಅದನ್ನು ಜೀವಂತ ತೆಗೆದರು. ಆ ಮಗುವಿನ ದೈವ ದೊಡ್ಡದು. ಎಲ್ಲ ಕಡೆಯೂ ಹಾಗೇ ಆಗುತ್ತದೆಂದು ನಂಬಿ ಕೂರುವಂತಿಲ್ಲ. ಬಾವಿಯ ಬಾಯಿಗೆ ಗೋಣಿಚೀಲ ಕಟ್ಟಿ ಮೇಲೊಂದು ಕಲ್ಲು ಇಟ್ಟರೆ ಮುಚ್ಚಿದಂತಾಗಲಿಲ್ಲ. ಹತ್ತು ವರ್ಷದ ಮಗು ಆ ಕಲ್ಲನ್ನು ಆಟಕ್ಕೆ ಎತ್ತಿಬಿಡುತ್ತದೆ.

ಮನೆಯೊಳಗಿನ ನೀರೂ ನೀರೇ. ಮೂರ್ಛೆ ಬರುವ ಮಗು ತುಂಬಿದ ಬಕೆಟ್ಟಿನ ಮೇಲೆ ಮುಖ ಅಡಿಯಾಗಿ ಬಿದ್ದರೆ ಸಾಕು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಬಚ್ಚಲು ಮನೆಯ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳದಂತೆ ತೆಗೆಸಿ. ಇಂಥ ಮಗುವಿಗೆ ಕುಳ್ಳಿರಿಸಿ, ಚೊಂಬಿನಲ್ಲಿ ನೀರು ಹಾಕಿ, ದೊಡ್ಡವರು ಜೊತೆಯಲ್ಲಿದ್ದೇ ಸ್ನಾನ ಮಾಡಿಸಬೇಕು.

ಇನ್ನು ಕೊಟ್ಟಿಗೆ ಮತ್ತು ನಮ್ಮ ಡೈರಿಯ ಕಡೆ ಬರೋಣ. ಹಾಲಿನ ಮನೆಗಳಲ್ಲಿ ಈಗ ಮೇವು ಕತ್ತರಿಸುವ ಮಿಷನ್ನು ಸಾಮಾನ್ಯವಾಗಿದೆ. ಕರೆಂಟು ಹೋದಾಗ ಸ್ವಿಚ್ಚು ಆರಿಸದೆ ಬಿಟ್ಟು ಹೋಗುತ್ತೇವೆ. ಮಗು ಬಂದು ಕೈಯಿಟ್ಟಾಗ ಕರೆಂಟು ಬಂದರೆ ಬೆರಳು ಉಳಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ಪ್ಲಗ್ಗು ಕಿತ್ತು ತೆಗೆದಿಡಿ. ಬೆಲ್ಟಿಗೆ, ಚಕ್ರಕ್ಕೆ ತಗಡಿನ ಹೊದಿಕೆ ಹಾಕಿಸಿ. ಮನೆಯ ಮೇನ್ ಬೋರ್ಡಿಗೆ ಸೋರುವ ಕರೆಂಟನ್ನು ಕ್ಷಣದಲ್ಲಿ ಕಡಿಯುವ ಸ್ವಿಚ್ಚು ಬರುತ್ತದೆ, 30 ಮಿಲಿ ಆಂಪಿಯರಿನದು. ಅದನ್ನು ಎಲ್ಲರ ಮನೆಗೂ ಹಾಕಿಸಬೇಕು, ಇಂಥ ಮಗು ಇರುವ ಮನೆಗೆ ಮೊದಲು ಹಾಕಿಸಬೇಕು.

ದನಕ್ಕೆ ಹಚ್ಚುವ ಉಣ್ಣೆ ಔಷಧಿ, ಹೊಲಕ್ಕೆ ಹೊಡೆಯುವ ಕೀಟನಾಶಕ, ಕಳೆ ಔಷಧಿ ಇವನ್ನು ಮಿಕ್ಕಿದ್ದಕ್ಕೆ ಅಂತ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿ ಗೂಡಿನಲ್ಲಿ ಇಡುವ ಅಭ್ಯಾಸ ನಮ್ಮಲ್ಲಿದೆ. ಓದಲು ಬಾರದ, ವಾಸನೆ ತಿಳಿಯದ ಮಗುವಿಗೆ ಅದು ಕುಡಿಯುವ ಬಾಟಲಿಯೇ. ಔಷಧಿ ಬಂದ ಡಬ್ಬಿಯಲ್ಲೇ ಇರಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ಮೊಳೆಗೆ ನೇತುಹಾಕದೆ ಸೊಂಟದಲ್ಲಿರಲಿ. ಒಂದು ವೇಳೆ ಕುಡಿದುಬಿಟ್ಟರೆ ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಿಷ ಶ್ವಾಸಕೋಶಕ್ಕೆ ಹೋಗಿ ಇನ್ನೂ ಕೆಡುತ್ತದೆ. ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಮೈ ತೊಳೆದು, ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ಡಬ್ಬಿ ನೋಡಿದರೆ ಡಾಕ್ಟರಿಗೆ ಯಾವ ವಿಷ ಎಂದು ಹುಡುಕುವ ಹೊತ್ತು ಉಳಿಯುತ್ತದೆ.

ನಮ್ಮ ಸಂಘದ ಕಟ್ಟಡದ ಬಗ್ಗೆಯೂ ಒಂದು ಮಾತು. ಗರ್ಬರ್ ವಿಧಾನದಲ್ಲಿ ಕೊಬ್ಬು ಪರೀಕ್ಷೆ ಮಾಡುವುದಕ್ಕೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಬೇಕು ಎಂಬುದು ಪರೀಕ್ಷಕರಿಗೆಲ್ಲ ಬಾಯಿಪಾಠ. ಈಗ ಯಂತ್ರದಲ್ಲಿ ಪರೀಕ್ಷೆ ಮಾಡುತ್ತೇವೆ ನಿಜ. ಆದರೆ ಹಳೆಯ ಆಮ್ಲದ ಬಾಟಲಿಗಳು ಎಷ್ಟೋ ಸಂಘಗಳ ಮೂಲೆಯಲ್ಲಿ ಇನ್ನೂ ಕೂತಿವೆ. ಕ್ಯಾನು ತೊಳೆಯುವ ಸೋಡಾ ಪುಡಿ ನೋಡಲು ಸಕ್ಕರೆಯ ಹಾಗೇ ಇರುತ್ತದೆ. ತಾಯಿ ಮಗುವನ್ನು ಇಲ್ಲಿಗೇ ಕರೆತರಲಿ ಎಂದು ನಾವು ಕೇಳುವವರು. ಹಾಗೆ ಕೇಳಬೇಕಾದರೆ ಇಲ್ಲಿನ ಆಮ್ಲ, ಸೋಡಾ ಎರಡೂ ಬೀಗದೊಳಗೆ ಇರಬೇಕು. ಬೇಡದ ಆಮ್ಲವನ್ನು ಒಕ್ಕೂಟದವರ ಸಲಹೆಯಂತೆ ವಿಲೇವಾರಿ ಮಾಡಬೇಕು. ಆಮ್ಲ ಮೈಮೇಲೆ ಬಿದ್ದರೆ ಅರಿಶಿನ, ಎಣ್ಣೆ ಏನೂ ಹಚ್ಚದೆ 20 ನಿಮಿಷ ಹರಿಯುವ ನೀರು ಬಿಡಬೇಕು. ಆ ಮೇಲೆ ಆಸ್ಪತ್ರೆ.

ಮೂರ್ಛೆ ರೋಗದ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ಫಿಟ್ಸ್ ಬಂದ ಕೂಡಲೇ ಕೈಗೆ ಬೀಗದ ಕೈ, ಕಬ್ಬಿಣ ಕೊಡುತ್ತಾರೆ, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಇದರಲ್ಲಿ ಯಾವುದರಿಂದಲೂ ಮೂರ್ಛೆ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕಬ್ಬಿಣಕ್ಕೆ ಹೆಸರು ಬರುತ್ತದೆ. ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಾವು ಮಾಡಬೇಕಾದದ್ದು ಇಷ್ಟೇ. ಸುತ್ತಲಿನ ಕಲ್ಲು, ಒಲೆ, ಚೂಪು ವಸ್ತು ದೂರ ಸರಿಸಿ. ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ. ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಯ ನೊರೆ ಹೊರಕ್ಕೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರ ಬರುವ ತನಕ ನೀರು ಕುಡಿಸಬೇಡಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ಮೀರಿದರೆ, ಒಂದರ ಹಿಂದೆ ಒಂದು ಬಂದರೆ 108ಕ್ಕೆ ಫೋನು ಮಾಡಿ. ಇನ್ನೊಂದು ಮುಖ್ಯ ಮಾತು: ಮೂರು ತಿಂಗಳು ಫಿಟ್ಸ್ ಬರಲಿಲ್ಲ ಅಂತ ಮಾತ್ರೆ ನಿಲ್ಲಿಸಬಾರದು. ಬಾರದೇ ಇದ್ದದ್ದು ಮಾತ್ರೆಯಿಂದಲೇ. ನಿಲ್ಲಿಸುವ ತೀರ್ಮಾನ ಡಾಕ್ಟರದ್ದು.

ಮೆದುಳಿನ ಪಾರ್ಶ್ವವಾಯು ಇರುವ ಮಕ್ಕಳಿಗೆ ಊಟವೇ ಒಂದು ಅಪಾಯ. ನುಂಗುವ ಸ್ನಾಯು ಬಿಗಿಯಾಗಿರುತ್ತದೆ. ಮಲಗಿಸಿಕೊಂಡು ಗಂಜಿ ಹುಯ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮತ್ತೆ ಮತ್ತೆ ಕಫ, ಜ್ವರ, ನ್ಯುಮೋನಿಯಾ ಬರುವುದು ಎಷ್ಟೋ ಸಲ ಇದರಿಂದಲೇ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಚಿಕ್ಕ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಮೊದಲ ತುತ್ತು ನುಂಗಿದ ಮೇಲೆಯೇ ಎರಡನೆಯದು. ಊಟದ ನಂತರ ಅರ್ಧ ಗಂಟೆ ಕೂತಿರಲಿ. ಡೈರಿಗೆ ಹೊತ್ತಾಯ್ತು ಅಂತ ಅವಸರದಲ್ಲಿ ತಿನ್ನಿಸುವ ತುತ್ತೇ ಗಂಟಲಿಗೆ ಸಿಕ್ಕುವುದು. ಹಾಲು ಹಾಕಿ ಬಂದ ಮೇಲೆ ನಿಧಾನವಾಗಿ ತಿನ್ನಿಸಿ.

ಎಲ್ಲಕ್ಕಿಂತ ಕಷ್ಟ ಯಾವುದೆಂದರೆ, ಮಾತು ಬಾರದ ಮಗು ತನಗಾದದ್ದನ್ನು ಹೇಳಲಾರದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಕಡಿಮೆ, ಗುರುತೂ ಸರಿಯಾಗಿ ಕಾಣದು. ಬೆಳಿಗ್ಗೆ ಮಗುವಿನ ರೆಪ್ಪೆ ಜೋತುಬಿದ್ದಿದ್ದರೆ, ನುಂಗಲು ಆಗದಿದ್ದರೆ, ಹೊಟ್ಟೆನೋವಿನಿಂದ ಮುದುಡಿದ್ದರೆ ದೃಷ್ಟಿ ಆಗಿದೆ ಅಂತ ನಿವಾಳಿಸುತ್ತಾ ಕೂರಬೇಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಇಂಥ ಮಗುವಿಗೆ ಮಂಚ ಬೇಕು, ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಬೇಕು. ಹಾಗೆಯೇ ನಾಯಿ ಕಚ್ಚಿದ್ದು, ಪರಚಿದ್ದು ಹೇಳಲಾರದ ಮಗುವಿನ ಮೈಯನ್ನು ದಿನಾ ಸ್ನಾನದ ಹೊತ್ತಿನಲ್ಲಿ ತಲೆಯಿಂದ ಕಾಲಿನವರೆಗೆ ನೋಡಬೇಕು. ಗಾಯ ಕಂಡರೆ 15 ನಿಮಿಷ ಸೋಪು ಹಾಕಿ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಬೇಕು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಹೀಗೆ ಮೈ ನೋಡುವಾಗ ಇನ್ನೊಂದು ಅಪಾಯವೂ ತಿಳಿಯಬಹುದು. ಅದು ಪ್ರಾಣಿಯಿಂದ ಬರುವುದಲ್ಲ, ಮನುಷ್ಯರಿಂದ ಬರುವುದು. ಹೇಳಲಾರದ ಮಗು ಅಂತಲೇ ಅದನ್ನು ಹುಡುಕಿಕೊಂಡು ಬರುವ ದುಷ್ಟರಿದ್ದಾರೆ. ಬಹಳ ಸಲ ಅವರು ಪರಿಚಿತರೇ ಆಗಿರುತ್ತಾರೆ. ಮಗು ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡು ಬೆದರಿದರೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ಬಟ್ಟೆ ಬಿಚ್ಚಲು ಬಿಡದಿದ್ದರೆ ಅಸಡ್ಡೆ ಮಾಡಬೇಡಿ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಅಂಗವೈಕಲ್ಯದ ದುರುಪಯೋಗ ಮಾಡಿಕೊಂಡು ಎಸಗಿದ ಅತ್ಯಾಚಾರಕ್ಕೆ ಇನ್ನೂ ಹೆಚ್ಚಿನ ಶಿಕ್ಷೆಯಿದೆ. ಗೊತ್ತಿದ್ದೂ ಮುಚ್ಚಿಡುವುದು ಅಪರಾಧ. ಮಗುವಿಗೆ ಮಾತು ಬಾರದಿದ್ದರೂ ಸಾಕ್ಷ್ಯ ಹೇಳಿಸಲು ವಿಶೇಷ ಶಿಕ್ಷಕರ, ಸಂಜ್ಞೆ ಬಲ್ಲವರ ನೆರವು ಪಡೆಯಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಸಂಖ್ಯೆ 112. ಪಂಚಾಯಿತಿ ಕಟ್ಟೆಯಲ್ಲಿ ರಾಜಿ ಮಾಡಿಸುವ ವ್ಯವಹಾರ ಇದಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಮಗುವನ್ನು ಹೊರಗೇ ಬಿಡಬೇಡಿ ಎನ್ನುತ್ತಿದ್ದೇವೆಂದು ತಿಳಿಯಬಾರದು. ಮೂಲೆಯಲ್ಲಿ ಕೂರಿಸಿದ ಮಗು ಅಪಾಯವನ್ನು ಗುರುತಿಸಲು ಎಂದೂ ಕಲಿಯುವುದಿಲ್ಲ. "ನಿಲ್ಲು" ಎಂದ ಕೂಡಲೇ ನಿಲ್ಲುವುದನ್ನು ಆಟದಂತೆ ದಿನಾ ಹತ್ತು ಸಲ ಕಲಿಸಿ. ಕಿವುಡು ಮಗುವಿಗೆ ಕೈಸನ್ನೆಯಲ್ಲಿ ಕಲಿಸಿ. ಮುಟ್ಟಬಾರದ ವಸ್ತುಗಳಿಗೆಲ್ಲ ಒಂದೇ ಕೆಂಪು ಗುರುತು ಹಾಕಿ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ಮನೆಯಿಂದ ಶೌಚಾಲಯದವರೆಗೆ ಒಂದು ಹಗ್ಗ ಕಟ್ಟಿದರೆ ಕಣ್ಣು ಕಾಣದ ಮಗು ತಾನೇ ಹಿಡಿದು ಹೋಗಿ ಬರುತ್ತದೆ. ಹಗ್ಗವೇ ಬೇಕಿದ್ದರೆ ಹೀಗೆ ಕಟ್ಟೋಣ. ಹೊರಟುಬಿಡುವ ಮಗುವಿದ್ದರೆ ಬಾಗಿಲಿಗೆ ದನದ ಕೊರಳಿನ ಗಂಟೆ ಕಟ್ಟಿ, ಬಾಗಿಲು ತೆಗೆದರೆ ಕೊಟ್ಟಿಗೆಯವರೆಗೆ ಸದ್ದು ಬರಲಿ. ಉಡಿದಾರಕ್ಕೆ ಫೋನ್ ನಂಬರು ಕೆತ್ತಿದ ಚಿಕ್ಕ ಬಿಲ್ಲೆ ಹಾಕಿ.

ಇನ್ನು ಸಂಘದ ಪಾಲು ಏನು? ಬೆಳ್ಳಿ ಹಬ್ಬದ ವರ್ಷದಲ್ಲಿ ಸರ್ವಸದಸ್ಯರ ಸಭೆಯ ಮುಂದೆ ಐದು ಬೇಡಿಕೆ ಇಡುತ್ತೇವೆ.

ಒಂದನೆಯದು, ವಿಶೇಷ ಮಗುವಿರುವ ಮನೆಯವರ ಹಾಲನ್ನು ಎರಡು ಹೊತ್ತೂ ಸರದಿ ನೋಡದೆ ಮೊದಲು ಅಳೆದು ಕಳಿಸಬೇಕು. ಅಕ್ಕಪಕ್ಕದವರು ಅವರ ಕ್ಯಾನನ್ನು ತಮ್ಮ ಜೊತೆಗೆ ತಂದು ಹಾಕಿದರೆ ಇನ್ನೂ ಒಳ್ಳೆಯದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆ ತಾಯಿಗೆ ಮುಕ್ಕಾಲು ಗಂಟೆ ಉಳಿಯುತ್ತದೆ. ಮಗುವನ್ನು ಕಟ್ಟುತ್ತಿದ್ದದ್ದು ಆ ಮುಕ್ಕಾಲು ಗಂಟೆಗೋಸ್ಕರವೇ.

ಎರಡನೆಯದು, ಒಂದು ಭಾನುವಾರ ನಿರ್ದೇಶಕರು, ನಾವು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿ ಊರು ಸುತ್ತಿ ತೆರೆದ ಹೊಂಡ, ಬೋರು, ಸಂಪು, ಜೋತುಬಿದ್ದ ತಂತಿ ಪಟ್ಟಿ ಮಾಡೋಣ. ಅವುಗಳ ಮಾಲೀಕರಲ್ಲಿ ಬಹಳ ಜನ ಇಲ್ಲೇ ಕೂತಿರುವ ಸದಸ್ಯರು. ಮೂರು ತಿಂಗಳೊಳಗೆ ಮುಚ್ಚುತ್ತೇವೆ ಎಂದು ಅವರೇ ಒಪ್ಪಿ ಸಹಿ ಹಾಕಲಿ.

ಮೂರನೆಯದು, ಮಗು ಕಾಣೆಯಾದರೆ ಕೂಗು ಹಾಕುವ ಏರ್ಪಾಡು. ದೇವಸ್ಥಾನದ ಮೈಕು, ಸಂಘದ ವಾಟ್ಸಾಪ್ ಗುಂಪು ಎರಡೂ ಇವೆ. ಯಾರು ಎಲ್ಲಿಗೆ ಓಡಬೇಕು ಎಂದು ಮೊದಲೇ ಹಂಚಿಕೊಂಡಿರಬೇಕು. ಇಬ್ಬರು ಕೆರೆಗೆ, ಇಬ್ಬರು ಹೊಂಡಗಳಿಗೆ, ಇಬ್ಬರು ರಸ್ತೆಗೆ, ಒಬ್ಬರು ಮನೆಯ ಹತ್ತಿರ. ಮೊದಲು ನೀರಿನ ಕಡೆಗೇ ಓಡಬೇಕು, ನೆಂಟರ ಮನೆಗಳಲ್ಲಿ ವಿಚಾರಿಸುವುದು ಆಮೇಲೆ.

ನಾಲ್ಕನೆಯದು, ಲಾಭದಲ್ಲಿ ನಿಯಮದಂತೆ ಧರ್ಮಕಾರ್ಯಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಈ ಮಕ್ಕಳ ಮನೆಗಳಿಗೆ ಮಂಚ, ಸೊಳ್ಳೆ ಪರದೆ, ಆಸರೆಯ ಕುರ್ಚಿ, ಕರೆಂಟು ಕಡಿಯುವ ಸ್ವಿಚ್ಚು ಕೊಡಿಸಲು ಮೀಸಲಾಗಲಿ. ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ, ಅದು ಸಹಕಾರಿಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಐದನೆಯದು, ವರ್ಷಕ್ಕೆ ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಇಲ್ಲಿಗೇ ಕರೆಸಿ ಪ್ರಥಮ ಚಿಕಿತ್ಸೆ ಕಲಿಯೋಣ. ಮೂರ್ಛೆ, ಗಂಟಲಿಗೆ ಸಿಕ್ಕಿದ್ದು, ನೀರಿಗೆ ಬಿದ್ದದ್ದು ಈ ಮೂರಕ್ಕೆ ಕೈಯಲ್ಲಿ ಮಾಡಿ ತೋರಿಸಲಿ. ನೀರಿಗೆ ಬಿದ್ದವರನ್ನು ತಲೆಕೆಳಗು ಮಾಡಿ ನೀರು ಇಳಿಸುತ್ತಾ ಕೂತರೆ ಉಸಿರು ಕೊಡುವ ಹೊತ್ತು ಕಳೆದುಹೋಗುತ್ತದೆ. ಇಂಥದ್ದನ್ನು ಮಾತಿನಲ್ಲಿ ಕೇಳಿದರೆ ಸಾಲದು, ಕೈಗೆ ಅಭ್ಯಾಸವಾಗಬೇಕು.

ಕರು ಹುಟ್ಟಿದರೆ ಡೈರಿಗೆ ಬಂದು ಹೇಳುತ್ತೇವೆ, ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರಿಗೆ ಫೋನು ಮಾಡಿ ಅಂತ ಕಾರ್ಯದರ್ಶಿಗಳನ್ನು ಕೇಳುತ್ತೇವೆ. ಆದರೆ ಮನೆಯಲ್ಲೊಂದು ವಿಶೇಷ ಮಗು ಇದೆ ಎಂಬುದನ್ನು ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತೇವೆ. ಊರು "ಹುಚ್ಚ", "ಮೂಗ" ಎಂದು ಕರೆಯುವುದನ್ನು ಬಿಟ್ಟು ಆ ಮಗುವನ್ನು ಹೆಸರು ಹಿಡಿದು ಕರೆದ ದಿನ ಆ ನಾಚಿಕೆ ಹೋಗುತ್ತದೆ. ಹೆಸರು ಗೊತ್ತಿರುವ ಮಗು ಕೆರೆ ದಾರಿ ಹಿಡಿದರೆ ನೋಡಿದವರು "ಎಲ್ಲಿಗೋ ಮಗಾ, ಬಾ ಇಲ್ಲಿ" ಅಂತ ಕೈ ಹಿಡಿದು ಮನೆಗೆ ತಲುಪಿಸುತ್ತಾರೆ.

ಈ ಐದು ಬೇಡಿಕೆಗಳನ್ನು ಇಂದಿನ ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ, ಠರಾವು ಮಾಡಿಕೊಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿ ಮಾಡುತ್ತೇವೆ. ಮುಂದಿನ ವರ್ಷದ ಸಭೆಯಲ್ಲಿ ಎಷ್ಟು ಹೊಂಡಕ್ಕೆ ಬೇಲಿ ಬಿತ್ತು, ಎಷ್ಟು ಬೋರು ಮುಚ್ಚಿತು, ಎಷ್ಟು ಮನೆಯಲ್ಲಿ ಹಗ್ಗ ಬಿಚ್ಚಿತು ಎಂಬ ಲೆಕ್ಕವನ್ನು ಹಾಲಿನ ಲೆಕ್ಕದ ಜೊತೆಗೇ ಓದಲಿ.  ಸಂಘ ಬೆಳೆಯಲಿ, ಊರಿನ ಎಲ್ಲ ಮಕ್ಕಳೂ ಬೆಳೆಯಲಿ.